ಒಂದು ಚಮಚದ ಲೆಕ್ಕ

ಚಳ್ಳಕೆರೆ ದಾಟಿದ ಮೇಲೆ
ಬಸ್ಸು ನಿಲ್ಲದ ಕಡೆ ಇಳಿಯಬೇಕು ನಾನು.
ಕಂಡಕ್ಟರ್ ಸೀಟಿ ಊದುತ್ತಲೇ ಗೊಣಗಿದ:
"ಇಲ್ಲೇನೈತೆ ಮೇಡಂ, ಬರೀ ಮಣ್ಣು."
ಅದಕ್ಕೇ ಬಂದಿದ್ದು.

ಮೇ ತಿಂಗಳು. ಬದುವಿನಲ್ಲಿ ಒಂದೇ ಒಂದು ಹಸಿರು,
ಕುರಿ ಬಾಯಿ ಹಾಕಿ ಯಾಕೋ ಬಿಟ್ಟುಹೋದ ಹುಲ್ಲಿನ ಗೊಂಚಲು.
ಸುತ್ತಲ ನೆಲ ಬೆರಳಿಟ್ಟರೆ ಕಾದ ಹಂಚು.
ಬೇರು ಬಿಡಿಸಿ, ಬೇರಿಗಂಟಿದ್ದನ್ನು ಕೆರೆದು
ಚೀಲಕ್ಕೆ ತುಂಬುವಾಗ
ನನ್ನ ಕೈಮೇಲೆ ಒಂದು ನೆರಳು ಬಿತ್ತು.
ಬೋರಮ್ಮ. ಹೊಲದೊಡತಿ.
"ಎಷ್ಟು ತಗಂಡೆ?"
"ಒಂದು ಚಮಚ."
"ನೆಪ್ಪಿಟ್ಕಾ. ವಾಪಸ್ ತಂದ್ಕೊಡಬೇಕು."

ಹಿರಿಯೂರಿನ ನಮ್ಮ ಲ್ಯಾಬು:
ಎರಡು ಕೋಣೆ, ಬಾಗಿಲು ಸರಿಯಾಗಿ ಹಾಕದ ಒಂದು ಫ್ರಿಜ್ಜು.
ಚಮಚದ ಮಣ್ಣನ್ನು ನೀರಲ್ಲಿ ಕದಡಿ ಹತ್ತು ಪಾಲು ಮಾಡಿದೆ,
ಒಂದು ಪಾಲನ್ನು ಮತ್ತೆ ಹತ್ತು,
ಅದರಲ್ಲೊಂದನ್ನು ಮತ್ತೆ.
ಆರನೇ ಸಲಕ್ಕೆ ಎಣಿಸಲು ಸಿಕ್ಕರು.
ಹಿಂದಕ್ಕೆ ಗುಣಿಸಿ ನೋಡಿದರೆ
ಇಡೀ ಜಿಲ್ಲೆಯ ಜನಗಣತಿಗಿಂತ ಉದ್ದದ ಅಂಕಿ,
ಆ ಚಮಚದೊಳಗೆ,
ಒಬ್ಬರ ಹೆಸರೂ ಗೊತ್ತಿಲ್ಲ.

ತಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಎದ್ದವು.
ಕೆನೆಬಣ್ಣ, ಅರಿಶಿನ, ಒಂದು ತಿಳಿಗುಲಾಬಿ.
ಒಂದು ಮಾತ್ರ ಲೋಳೆ ಲೋಳೆ,
ಕಡ್ಡಿ ಮುಟ್ಟಿಸಿದರೆ ಎಳೆ ಬಿಡುವುದು,
ನೆಗಡಿಯಾದ ಮಗುವಿನ ಮೂಗು.
ಮುಖ ಸಿಂಡರಿಸಿ ಅಂಚಿಗೆ ಬರೆದೆ: ಹದಿನೇಳು.

ಆಮೇಲೆ ಕರೆಂಟಿಲ್ಲದ ಒಂಬತ್ತು ದಿನ.
ತಟ್ಟೆಗಳೆಲ್ಲ ಒಣಗಿ ಹಪ್ಪಳವಾದವು.
ಬಿಸಾಡುವ ಮೊದಲು, ಯಾಕೆಂದು ಕೇಳಬೇಡಿ,
ಒಂದೊಂದಕ್ಕೂ ಒಂದೊಂದು ಹನಿ ನೀರು ಬಿಟ್ಟು ಮನೆಗೆ ಹೋದೆ.
ಬೆಳಿಗ್ಗೆ ಹದಿನೇಳು ಹೊಳೆಯುತ್ತಿತ್ತು.
ಆ ಲೋಳೆ ಅದರ ಕಂಬಳಿ.
ಚಳಿಗಲ್ಲ, ಬಿಸಿಲಿಗೆ ಹೊದೆಯುವ ಕಂಬಳಿ,
ಅದರಲ್ಲಿ ಪಕ್ಕದ ಬೇರಿಗೂ ಒಂದು ಮಗ್ಗುಲು ಜಾಗ.

ಇನ್ನೊಂದು ಗೊತ್ತಾಗಲು ಎರಡು ವರ್ಷ ಹಿಡಿಯಿತು.
ಬಾಯಾರಿದ ಬೇರು
"ಸಾಕು, ಬೆಳೆದದ್ದು ಸಾಕು" ಎಂದು
ತನಗೆ ತಾನೇ ಹೇಳಿಕೊಳ್ಳಲು ಹೊರಡುತ್ತದಲ್ಲ,
ಆ ಮಾತು ಬಾಯಲ್ಲಿರುವಾಗಲೇ
ಇದು ತಿಂದುಬಿಡುತ್ತದೆ.
ಹೊಟ್ಟೆಪಾಡಿಗೆ. ಉಪಕಾರ ಎನ್ನುವುದು ನಮ್ಮ ಶಬ್ದ.

ಮೂರನೇ ಮುಂಗಾರಿಗೆ ಹೋದೆ.
ಕಪ್ಪು ಪುಡಿಯ ಪೊಟ್ಟಣ, ಅರ್ಧ ಅಚ್ಚು ಬೆಲ್ಲ.
ಬೋರಮ್ಮ ಮೊರದಲ್ಲಿ ನವಣೆ ಬೀಜ ಹರವಿ
ಪಾಕ ಚಿಮುಕಿಸಿ, ಪುಡಿ ಉದುರಿಸಿ
ಅಂಗೈಯಲ್ಲಿ ಹೊರಳಾಡಿಸಿದಳು.
"ಬೇವಿನಡಿಗೇ ಆರಲಿ, ಬಿಸಿಲಿಗಿಟ್ಟರೆ ಸಾಯ್ತವೆ" ಎಂದೆ.
ಅವಳು ನಕ್ಕಳು ನೋಡಿ,
ಮೊರವೇ ಅಲ್ಲಾಡಿತು:
"ಈ ಬಿಸಿಲಾಗೇ ಹುಟ್ಟಿದ್ವು.
ನಿನ್ನ ಜತೀಗೆ ಹೋಗಿ ಬಂದು ನಾಜೂಕಾದುವೇನು?"
ಈ ಪ್ರಶ್ನೆಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ.

ಆಗಸ್ಟ್. ಇಪ್ಪತ್ತಮೂರು ದಿನ ಒಂದು ಹನಿಯಿಲ್ಲ.
ಪುಡಿ ಹಚ್ಚಿದ ಎಂಟು ಸಾಲಿನಲ್ಲಿ ಐದು ನೆಟ್ಟಗಿದ್ದವು,
ಮೂರು ಯಾಕೆ ಬಾಗಿದವೋ ತಿಳಿಯದು.
ಹಚ್ಚದ ಎಂಟರಲ್ಲಿ ಒಂದು ನೆಟ್ಟಗಿತ್ತು,
ಅದೂ ತಿಳಿಯದು.
ಪುಸ್ತಕದಲ್ಲಿ ಹಾಗೇ ಬರೆದೆ.

ಬೋರಮ್ಮ ಒಂದು ಗಿಡ ಕಿತ್ತು ಕೊಡವಿದಳು.
ಮಣ್ಣು ಬೀಳಲಿಲ್ಲ.
ಮತ್ತೆ ಕೊಡವಿದಳು, ಜೋರಾಗಿ, ಮೊಣಕಾಲಿಗೆ ಬಡಿದು.
ಬೇರಿನ ಉದ್ದಕ್ಕೂ ಹಾಗೇ ಕೂತಿತ್ತು,
ಎಳೆಗೂಸಿನ ಕಾಲಿನ ಉಣ್ಣೆಚೀಲ.
ಹೆಬ್ಬೆರಳ ಉಗುರಿನಿಂದ ಕೆರೆದು ಅಂಗೈಗೆ ಇಳಿಸಿಕೊಂಡು
ತೂಗಿ ನೋಡಿದಳು.
"ಚಮಚಕ್ಕಿಂತ ಒಂದು ಚೂರು ಜಾಸ್ತೀನೇ ಐತೆ.
ಚುಕ್ತಾ."

ಬಸ್ಸಿಗೆ ಕೈ ಅಡ್ಡ ಹಿಡಿದೆ. ಅದೇ ಕಂಡಕ್ಟರ್.
ಚಿಲ್ಲರೆ ಎಣಿಸುವಾಗ ಕಂಡಿತು
ನನ್ನ ಉಗುರುಗಳ ಸಂದಿಯಲ್ಲಿ
ಕೆಂಪಗೆ ಇನ್ನಷ್ಟು,
ಅವಳನ್ನು ಕೇಳದೆ
ಹಿರಿಯೂರಿಗೆ ಹೊರಟಿದ್ದು.